ಮಾವ ತುಟಿಯಲ್ಲಿ ಕೇಳಿದ ಪ್ರಶ್ನೆಗಳು

"ಅದುಕ್ಕು ಮುನ್ನ?"

ಗಂಟಲಿನ ಆಪರೇಷನ್ ಆಗಿ ಬಂದು ಎಷ್ಟೋ ದಿನ ಬಾಯಿ ಬಿಡದಿದ್ದ ನನ್ನ ಮಾವ ಆಡಿದ ಮಾತು ಇದು. ಆಡಿದರು ಅನ್ನುವುದೂ ಪೂರ್ತಿ ಸರಿಯಲ್ಲ. ಸದ್ದು ಬರಲಿಲ್ಲ, ತುಟಿ ಅಲುಗಿತು ಅಷ್ಟೆ. ನಾನು ಹಜಾರದಲ್ಲಿ ಕುಳಿತು, ಮರುದಿನ ಪ್ಲಸ್ ಟೂ ಮಕ್ಕಳಿಗೆ ತೋರಿಸಲೆಂದು ವಿಶ್ವದ ಹುಟ್ಟಿನ ಬಗ್ಗೆ ಒಂದು ತಮಿಳು ವೀಡಿಯೊ ನೋಡುತ್ತಿದ್ದೆ. ಪಕ್ಕದ ಶೆಡ್ಡಿನಲ್ಲಿ ನಮ್ಮ ಪವರ್‌ಲೂಮುಗಳು ಓಡುತ್ತಿರುವಾಗ ಮೊಬೈಲಿನ ಸದ್ದು ಯಾವ ಮೂಲೆಗೂ ಸಾಲದು. ಅದಕ್ಕೇ ಸದ್ದು ತೆಗೆದುಬಿಟ್ಟು ಕೆಳಗೆ ಬರುವ ಅಕ್ಷರ ಓದುತ್ತಿದ್ದೆ. ಮಾವ ಯಾವಾಗ ಬಂದು ನನ್ನ ಹಿಂದೆ ನಿಂತರೋ ಗೊತ್ತಿಲ್ಲ. ಅವರು ಅಕ್ಷರ ಓದುತ್ತಿರಲಿಲ್ಲ, ವೀಡಿಯೊದಲ್ಲಿ ಮಾತಾಡುತ್ತಿದ್ದವನ ತುಟಿ ಓದುತ್ತಿದ್ದರು. ಇವತ್ತು ನಮಗೆ ಕಾಣುವ ಆಕಾಶವೆಲ್ಲ ಒಂದು ಕಾಲಕ್ಕೆ ಹಿಡಿಯೊಳಗೆ ಹಿಡಿಸುವಷ್ಟಿತ್ತು, ಆಮೇಲೆ ಹಿಗ್ಗಿತು ಎಂದು ಅವನು ಹೇಳಿದ. ಮಾವ ನನ್ನ ಭುಜ ತಟ್ಟಿ ತಿರುಗಿಸಿಕೊಂಡು ಕೇಳಿದರು. ಅದಕ್ಕೂ ಮುಂಚೆ ಏನಿತ್ತು?

ತುಟಿ ಓದುವುದು ಮಗ್ಗದವರ ಮನೆಗಳಲ್ಲಿ ಹೆಚ್ಚುಗಾರಿಕೆಯೇನಲ್ಲ. ಶೆಡ್ಡಿನೊಳಗೆ ಎಷ್ಟು ಕಿರುಚಿದರೂ ಪಕ್ಕದವರಿಗೆ ಕೇಳಿಸದು, ಆದ್ದರಿಂದ ಅಲ್ಲಿ ಯಾರೂ ಕಿರುಚುವುದಿಲ್ಲ. ತುಟಿಯನ್ನು ಅಗಲಿಸಿ, ದುಂಡಗೆ ಮಾಡಿ, ಜೊತೆಗೆ ಕೈಯಲ್ಲೊಂದು ಸನ್ನೆ ಸೇರಿಸಿ ಮಾತು ಮುಗಿಸುತ್ತಾರೆ. ನೂಲು ಕಡಿದಿದೆ, ಟೀ ಬಂತು, ನಿಮ್ಮ ಷಡ್ಡಕ ಬಂದಿದ್ದಾನೆ ಮುಖ ಕೊಡಬೇಡಿ, ಎಲ್ಲವೂ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಸದ್ದಿಲ್ಲದೆ ದಾಟುತ್ತದೆ. ನಾನು ಕೊಳ್ಳೇಗಾಲದ ಕಡೆಯವಳು, ಮದುವೆಯಾಗಿ ಅವಿನಾಶಿ ಹತ್ತಿರದ ಈ ಮನೆಗೆ ಬಂದವಳು. ಇವರ ತಮಿಳು ಬೆರೆತ ಕನ್ನಡ ಕಲಿಯುವುದಕ್ಕಿಂತ ಈ ತುಟಿಮಾತು ಕಲಿಯುವುದು ಕಷ್ಟವಾಯಿತು. ಶೆಡ್ಡಿನಲ್ಲಿ ನನ್ನ ಕಣ್ಣೆದುರೇ ನನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆಂಬ ಅನುಮಾನ ಹತ್ತಿದ ಮೇಲೆ ಬಹಳ ಬೇಗ ಕಲಿತೆ.

ಮಾವನ ಗಂಟಲು ಹೀಗಾಗುವ ಮೊದಲು ಅದರ ಜೋರು ನೀವು ಕೇಳಬೇಕಿತ್ತು. ಅನ್ನೂರಿನ ಟೌನ್ ಬಸ್ಸನ್ನು ಕೈ ತೋರಿಸದೆ ಕೂಗಿಯೇ ನಿಲ್ಲಿಸುತ್ತಿದ್ದವರು ಅವರು. ಊಟಕ್ಕೆ ಕೂತರೆ ಬೀದಿಯವರಿಗೆಲ್ಲ ನಮ್ಮನೆಯ ಸಾರು ಏನೆಂದು ಗೊತ್ತಾಗುತ್ತಿತ್ತು. ಗಂಟಲಿಗೆ ಕ್ಯಾನ್ಸರ್ ಬಂತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲಿ ಒಂದು ರಂಧ್ರ ಬಿಟ್ಟರು. ಜೀವ ಉಳಿಯಿತು. ಟಾರ್ಚಿನ ಅಳತೆಯ ಒಂದು ಯಂತ್ರವನ್ನೂ ಕೊಟ್ಟರು. ಅದನ್ನು ಕತ್ತಿಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಆಗ ಬಾಯಿ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ. ಏರಿಳಿತವಿಲ್ಲದ, ಒಂದೇ ಸಮನಾದ ಮಾತು.

ಮನೆಗೆ ಬಂದ ದಿನ ಮಾವ ಅತ್ತೆಯ ಎದುರು ಕುಳಿತು ಆ ಯಂತ್ರ ಹಿಡಿದು "ನಾ ಬಂದೆ" ಅಂದರು. ಅತ್ತೆಗೆ ಕಣ್ಣಿನ ನರ ಒಣಗುವ ಕಾಯಿಲೆ. ಹೋದ ನೋಟ ಮರಳುವಂಥದ್ದಲ್ಲ. ಬೆಳಕು, ನೆರಳು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಷ್ಟೇ ತಿಳಿಯುತ್ತದೆ. ಅವರು ತಲೆ ಎತ್ತಿ, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ಕೇಳಿದರು.

"ಯಾರಮ್ಮಣಿ ಬಂದಿರೋದು? ಚೇರ್ ಹಾಕು."

ಮಾವ ಯಂತ್ರವನ್ನು ಆಫ್ ಮಾಡಿದರು. ಬೀರುವಿನಲ್ಲಿ ಪಂಚೆಗಳ ಅಡಿಗೆ ಇಟ್ಟು ಬೀಗ ಹಾಕಿದರು. ತುಟಿಯನ್ನೂ ಆಡಿಸಲಿಲ್ಲ. ನನ್ನ ಗಂಡ ಕೇಳಿದ್ದಕ್ಕೆ ಕೈಯಾಡಿಸಿ ಬೇಡ ಅಂದರು. ನೋಡಲಾಗದವಳ ಎದುರು ತುಟಿ ಆಡಿಸಿ ಏನು ಬಂತು ಎಂದು ಅವರಿಗೆ ಅನ್ನಿಸಿರಬೇಕು. ಅತ್ತೆಗೆ ತಾನು ಎಂಥ ಮಾತು ಆಡಿಬಿಟ್ಟೆ ಎಂದು ಆ ಕ್ಷಣದಲ್ಲೇ ಗೊತ್ತಾಯಿತು, ಆದರೆ ಬಾಯಿಂದ ಹೊರಟದ್ದು ಹೊರಟಿತ್ತು. ಒಂದೇ ಮನೆಯಲ್ಲಿ, ಒಂದೇ ಮಂಚದ ಎರಡು ಬದಿಗೆ ಕುಳಿತಿದ್ದರೂ, ಇಬ್ಬರ ನಡುವೆ ಮಾತು ಹೋಗುವ ದಾರಿಯೇ ಮುಚ್ಚಿಹೋಯಿತು. ನನಗೆ ಅದನ್ನು ನೋಡಲು ಸಂಕಟವಾಗುತ್ತಿತ್ತು.

ಹೀಗಿರುವಾಗ ಬಂದದ್ದು ಆ ಪ್ರಶ್ನೆ. ಅದಕ್ಕೂ ಮುನ್ನ ಏನು ಎಂದು ನನ್ನ ತರಗತಿಯಲ್ಲೂ ಮಕ್ಕಳು ಕೇಳುತ್ತಾರೆ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಕೇಳುವುದನ್ನು ಬಿಡುತ್ತಾರೆ. ಮಾವನಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ನಾನು ಗೊತ್ತಿರುವಷ್ಟು ಹೇಳಿದೆ: ಯಾರಿಗೂ ಗೊತ್ತಿಲ್ಲ ಮಾವ, ಕಾಲವೇ ಅಲ್ಲಿಂದ ಶುರುವಾಯಿತು, ಮುಂಚೆ ಅನ್ನುವ ಮಾತಿಗೇ ಅರ್ಥವಿಲ್ಲ ಅಂತ ಕೆಲವರು ಹೇಳುತ್ತಾರೆ, ಇದಕ್ಕೂ ಹಿಂದೆ ಇನ್ನೊಂದು ವಿಶ್ವ ಇದ್ದಿರಬಹುದು ಅಂತ ಕೆಲವರು ಲೆಕ್ಕ ಹಾಕುತ್ತಿದ್ದಾರೆ.

ಕೊನೆಯದನ್ನು ಕೇಳಿ ಅವರ ಮುಖ ಅರಳಿತು. ನನ್ನ ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದರು. ಒಂದು ಮಗ್ಗದಲ್ಲಿ ಹಾಸಿನ ನೂಲು ಮುಗಿಯುತ್ತಾ ಬಂದಿತ್ತು. ಇಲ್ಲಿಯವರು ಅದಕ್ಕೆ ಪಾವು ಅನ್ನುತ್ತಾರೆ. ಹಳೆಯ ಪಾವು ಮುಗಿಯಿತೆಂದು ಅದನ್ನು ಪೂರ್ತಿ ಎಳೆದು ಬಿಸಾಡಿದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಮತ್ತೆ ಮಗ್ಗಕ್ಕೆ ಪೋಣಿಸಬೇಕು. ಯಾರಿಗೆ ಬೇಕು ಆ ಗೋಳು? ಹಳೆಯದರ ಬಾಲವನ್ನು ಮಗ್ಗದಲ್ಲೇ ಉಳಿಸಿ, ಹೊಸ ಪಾವಿನ ಪ್ರತಿ ಎಳೆಯನ್ನೂ ಅದರ ಎಳೆಗೆ ಹೊಸೆದು ಸೇರಿಸುತ್ತಾರೆ. ಆಮೇಲೆ ಮೆಲ್ಲಗೆ ಎಳೆದುಕೊಂಡರೆ ಹೊಸದು ತಾನಾಗಿಯೇ ಒಳಗೆ ಬರುತ್ತದೆ. ಮಾವ ಆ ಸೇರುವೆಯ ಸಾಲನ್ನು ಬೆರಳಲ್ಲಿ ಸವರಿ ತೋರಿಸಿದರು.

"ಇದೇ ತಾನೆ? ಮೊದಲ್ ಪಾವು ಯಾರೂ ನೋಡಿಲ್ಲೆ. ಎಲ್ಲಾಮೆ ಹಳೇದಕ್ಕೆ ಸೇರ್ಸಿದ್ದು."

ಹಾಗೆಂದು ಸಾಬೀತಾಗಿಲ್ಲ ಮಾವ, ಅಂದೆ ತುಟಿಯಲ್ಲೇ. ಸೇರ್ಸದೆ ಇನ್ನೆಂಗೆ ಬರುತ್ತೆ ಎಂದು ನನ್ನನ್ನೇ ಗದರಿದರು. ಮಗ್ಗದವರಲ್ಲದೆ ಬೇರೆ ಯಾರೂ ಇಷ್ಟು ಧೈರ್ಯವಾಗಿ ಈ ತಪ್ಪನ್ನು ಮಾಡಲಾರರು. ತಪ್ಪೋ ಅಲ್ಲವೋ ಎಂಬುದೂ ಗೊತ್ತಿಲ್ಲ, ಅದು ಬೇರೆ. ನನಗೆ ಖುಷಿ ತಡೆಯಲಾಗಲಿಲ್ಲ. ವಿಶ್ವ ಹೇಗೆ ಹುಟ್ಟಿದರೆ ನನಗೇನು, ಮಾವ ಬಾಯಿ ಬಿಟ್ಟಿದ್ದರಲ್ಲ.

ಆಮೇಲೆ ಶುರುವಾಯಿತು ನೋಡಿ. ನಾನು ಶಾಲೆಯಿಂದ ಬಂದು ಬ್ಯಾಗ್ ಇಡುವ ಮೊದಲೇ ಪ್ರಶ್ನೆ ಕಾದಿರುತ್ತಿತ್ತು. ಹುಟ್ಟುವಾಗ ಎಷ್ಟು ಸದ್ದಾಯಿತು ಎನ್ನುವುದು ಮುಂದಿನದು. ಜೀವಮಾನವೆಲ್ಲ ಗದ್ದಲದಲ್ಲಿ ಕಳೆದವರಿಗೆ ಯಾವುದೇ ದೊಡ್ಡ ಕೆಲಸ ಸದ್ದಿಲ್ಲದೆ ಶುರುವಾಗುತ್ತದೆಂದು ನಂಬುವುದು ಕಷ್ಟ. ಅದು ಪಟಾಕಿ ಸಿಡಿದ ಹಾಗಲ್ಲ, ಹೊರಗೆ ನಿಂತು ಕೇಳಲು ಹೊರಗೆಂಬುದೇ ಇರಲಿಲ್ಲ ಅಂದೆ. ಅವರ ಮುಖ ಸಪ್ಪಗಾಯಿತು. ಹಾಗೆ ಬಿಡಲು ಮನಸ್ಸು ಬಾರದೆ ಇನ್ನೊಂದನ್ನೂ ಹೇಳಿದೆ. ಮೊದಮೊದಲು ಎಲ್ಲ ಕಡೆ ತುಂಬಿದ್ದ ಕುದಿಯುವ ಅನಿಲದಲ್ಲಿ ಒತ್ತಡದ ಅಲೆಗಳು ಓಡಾಡಿದವು, ಅವು ಸದ್ದಿನ ಅಲೆಗಳ ಜಾತಿಯವೇ. ಅವುಗಳ ಗುರುತು ಅತಿ ಹಳೆಯ ಬೆಳಕಿನಲ್ಲಿ ಇನ್ನೂ ಉಳಿದಿದೆ, ಅಳೆದು ನೋಡಿದ್ದಾರೆ. ಮಾವ ತೊಡೆ ತಟ್ಟಿಕೊಂಡರು. ನಾ ಹೇಳಲಿಲ್ಲವಾ ಎಂದು ಅಲ್ಲಿದ್ದ ಬೆಕ್ಕಿನ ಕಡೆಗೂ ತಿರುಗಿ ತುಟಿ ಆಡಿಸಿದರು.

ಬೆಳಕು ಬರಲು ಕಾಲ ಹಿಡಿಯುತ್ತದೆ, ನಕ್ಷತ್ರ ನೋಡಿದರೆ ಅದರ ಹಿಂದಿನ ಕಾಲವನ್ನು ನೋಡಿದ ಹಾಗೆ ಎಂಬುದು ಮಕ್ಕಳ ತಲೆಗೆ ಹೋಗಲು ನನಗೆ ಇಡೀ ಒಂದು ಪೀರಿಯಡ್ ಬೇಕು. ಮಾವನಿಗೆ ಒಂದು ಗುಟುಕು ಟೀ ಸಾಕಾಯಿತು. "ಓ, ಹಳೇ ಸ್ಟಾಕು" ಅಂದರು. ಅಂಗಡಿಯಲ್ಲಿ ಇವತ್ತು ತೂಗುಹಾಕಿದ ಬಟ್ಟೆ ಎಂದೋ ನೇಯ್ದದ್ದು, ಅದನ್ನು ನೋಡಿ ಮಗ್ಗ ಈಗ ಏನು ನೇಯುತ್ತಿದೆ ಎಂದು ಹೇಳಲಾಗದು. ನಾನು ಇದನ್ನು ಮರುದಿನ ನನ್ನ ತರಗತಿಯಲ್ಲಿ ನನ್ನದೇ ಎಂಬಂತೆ ಹೇಳಿ ಶಭಾಷ್ ಅನ್ನಿಸಿಕೊಂಡೆ.

ಮಗ್ಗದ ಸನ್ನೆಗಳಲ್ಲಿ ನೂಲಿಗೆ, ಎಣ್ಣೆಗೆ, ಮೇಸ್ತ್ರಿಗೆ ಒಂದೊಂದು ಕೈಸನ್ನೆ ಇದೆ, ಗ್ಯಾಲಕ್ಸಿಗೆ ಇಲ್ಲ. ಹಾಗಾಗಿ ನಾವೇ ಮಾಡಿಕೊಂಡೆವು. ಬಿಸಿಲಕೋಲಿನಲ್ಲಿ ತೇಲುವ ಹತ್ತಿಯ ಧೂಳನ್ನು ಬೆರಳಿಂದ ಚಿಮ್ಮಿದಂತೆ ಮಾಡಿದರೆ ನಕ್ಷತ್ರ. ಅಂಗೈಯಲ್ಲಿ ನೂಲುಂಡೆ ಸುತ್ತಿದಂತೆ ಮಾಡಿದರೆ ಗ್ಯಾಲಕ್ಸಿ. ನನ್ನ ಗಂಡ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿ, ಅಪ್ಪನೂ ಹೆಂಡತಿಯೂ ಸೇರಿ ಯಾರಿಗೋ ಮಾಟ ಮಾಡುತ್ತಿದ್ದಾರೆ ಎಂದು ತಮಾಷೆ ಮಾಡಿದ.

ಇಷ್ಟೆಲ್ಲ ನಡೆಯುವಾಗ ಅತ್ತೆ ಪಕ್ಕದಲ್ಲೇ ಇರುತ್ತಿದ್ದರು. ಅವರಿಗೆ ಮಾತುಕತೆಯ ನನ್ನ ಅರ್ಧ ಮಾತ್ರ ಕೇಳಿಸುತ್ತಿತ್ತು. ಫೋನಿನಲ್ಲಿ ಯಾರೋ ಮಾತಾಡುವುದನ್ನು ಪಕ್ಕದಿಂದ ಕೇಳಿದ ಹಾಗೆ. "ಏನಂತಾರೆ? ಏನಂತಾರೆ?" ಎಂದು ನನ್ನ ಮೊಣಕೈ ಜಗ್ಗುತ್ತಿದ್ದರು. ನಾನು ಮಾವನ ತುಟಿ ಓದಿ ಅವರಿಗೆ ಹೇಳುತ್ತಿದ್ದೆ. ಅವರು ಹೇಳಿದ್ದನ್ನು ಮಾವ ಕಿವಿಯಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಹೀಗೆ ನಾನು ಇಬ್ಬರ ನಡುವೆ ಓಡಾಡುವ ಲಾಳಿಯಾದೆ. ಮೊದಮೊದಲು ಹೆಮ್ಮೆಯೇ ಅನ್ನಿಸಿತು.

ವಿಶ್ವ ಹಿಗ್ಗುತ್ತಿದೆ ಅಂದರೆ ಯಾವುದರೊಳಕ್ಕೆ ಹಿಗ್ಗುತ್ತಿದೆ, ಅದರ ನಡು ಎಲ್ಲಿ ಎಂದು ಮಾವ ಕೇಳಿದ ದಿನ ಉಪಾಯ ಹುಡುಕಿದ್ದು ಮಾತ್ರ ಅತ್ತೆ. ಬಲೂನು ತಂದು ತೋರಿಸುವೆ ಅಂದೆ ನಾನು. ಕಾಣದವಳಿಗೆ ಬಲೂನು ತೋರಿಸ್ತಾಳಂತೆ ಎಂದು ರೇಗಿದರು. ಮಗ್ಗದ ಎಣ್ಣೆ ಒರೆಸಲು ತಿರುಪ್ಪೂರಿನಿಂದ ಬನಿಯನ್ ಬಟ್ಟೆಯ ಚೂರುಗಳ ಮೂಟೆ ನಮ್ಮಲ್ಲಿ ಯಾವಾಗಲೂ ಇರುತ್ತದೆ. ಅದರಿಂದ ಒಂದು ಉದ್ದನೆಯ ತುಂಡು ತರಿಸಿಕೊಂಡು, ಡಬ್ಬಿಯಿಂದ ಗುಂಡಿಗಳನ್ನು ತೆಗೆದು, ಕೈಯ ಅಂದಾಜಿನಲ್ಲೇ ಸಾಲಾಗಿ ಹೊಲಿದರು. ನಾನು ಸೂಜಿಗೆ ದಾರ ಪೋಣಿಸಿಕೊಟ್ಟೆ ಅಷ್ಟೆ. ಒಂದು ತುದಿ ಮಾವ, ಇನ್ನೊಂದು ತುದಿ ನಾನು ಹಿಡಿದು ಎಳೆದೆವು. ಅತ್ತೆ ಗುಂಡಿಗಳ ಮೇಲೆ ಬೆರಳಿಟ್ಟುಕೊಂಡೇ ಇದ್ದರು.

"ಗುಂಡಿ ದೊಡ್ಡದಾಗ್ಲಿಲ್ಲೆ. ನಡುವೆ ಬಟ್ಟೆ ಬೆಳೀತು" ಅಂದರು. ಬೆರಳನ್ನು ಇನ್ನೊಂದು ಗುಂಡಿಗೆ ಸರಿಸಿ, "ಇಲ್ಲಿ ಇದ್ರೂ ಅಷ್ಟೇ. ಎರಡ್ ಪಕ್ಕದವ್ರೂ ದೂರ ಹೋದ್ರು" ಅಂದರು.

ಗ್ಯಾಲಕ್ಸಿ ತಾನು ಹಿಗ್ಗುವುದಿಲ್ಲ, ನಡುವಿನ ಜಾಗ ಹಿಗ್ಗುತ್ತದೆ. ಎಲ್ಲಿ ನಿಂತು ನೋಡಿದರೂ ಉಳಿದವರೇ ದೂರ ಸರಿದಂತೆ ಕಾಣುತ್ತದೆ, ನಡು ಎಂಬುದು ಯಾವ ಒಬ್ಬರ ಸ್ವತ್ತೂ ಅಲ್ಲ. ಇಷ್ಟನ್ನು ಪಠ್ಯಪುಸ್ತಕ ಹೇಳುವ ರೀತಿಯಲ್ಲಿ ನಾನು ವರ್ಷಗಟ್ಟಲೆ ಹೇಳಿದ್ದೇನೆ. ಬೆರಳ ತುದಿಯಲ್ಲಿ ಅದು ಹೀಗೆ ಸಿಗುತ್ತದೆಂದು ಗೊತ್ತಿರಲಿಲ್ಲ. ಅತ್ತೆಯನ್ನು ಹಿಡಿದು ಮುದ್ದಾಡಬೇಕು ಅನ್ನಿಸಿತು. ಮಾವನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಸರಿ, ಆನಾ ಎಳೀತಿರೋದು ಯಾರು?" ಎಂದು ಪಟ್ಟು ಹಿಡಿದರು. ಆನಾ ಅಂದರೆ ಇಲ್ಲಿಯವರ ‘ಆದರೆ’. ಬಟ್ಟೆಗೆ ಎಳೆಯುವ ಕೈ ಬೇಕು, ಆಕಾಶಕ್ಕೆ ಬೇಡ ಮಾವ ಅಂದರೆ, ಬನಿಯನ್ ಕಂಪನಿಯಲ್ಲಿ ಅಂಥ ಬಟ್ಟೆ ಸಿಕ್ಕಿದರೆ ಅರ್ಧ ಆಳು ಸಾಕು ಎಂದು ನಕ್ಕರು. ಸದ್ದಿಲ್ಲದ ನಗು. ಭುಜ ಮಾತ್ರ ಕುಲುಕುತ್ತಿತ್ತು. ಅತ್ತೆ ಮುಖ ಎತ್ತಿ ಕಾದರು. ಮಾವ ನಕ್ಕರು ಎಂದು ನಾನು ಹೇಳಬೇಕಾಯಿತು.

ನಗುವನ್ನೂ ಇನ್ನೊಬ್ಬರ ಬಾಯಿಂದ ಕೇಳಬೇಕೆಂದರೆ ಯಾರಿಗೆ ಬೇಕು. ಅವತ್ತಿನಿಂದ ಅತ್ತೆ ನನ್ನ ಮೊಣಕೈ ಜಗ್ಗುವುದು ಕಡಿಮೆಯಾಯಿತು. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ನೇರವಾಗಿಯೇ ಹೇಳಿದರು.

"ನೀ ಹೇಳೋದೆಲ್ಲ ಚೆನ್ನಾಗೇ ಐತೆ ಅಮ್ಮಣಿ. ಆನಾ ಅವ್ರ್ ಮಾತು ನಿನ್ ಬಾಯಲ್ಲಿ ಕೇಳಿ ಕೇಳಿ ಅವ್ರ್ ಎಂಗ್ ಮಾತಾಡ್ತಿದ್ರು ಅಂತಾನೆ ಮರ್ತೋಗ್ತಾ ಐತೆ."

ಬೀರುವಿನ ಬೀಗದ ಕೈ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆದರೆ ಆ ಯಂತ್ರವನ್ನು ತೆಗೆದು ಮಾವನ ಕೈಗೆ ಕೊಡುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ನನ್ನ ಗಂಡ ಒಮ್ಮೆ ಅದರ ಮಾತೆತ್ತಿದ್ದಕ್ಕೆ ಮಾವ ಊಟದಿಂದ ಎದ್ದುಹೋಗಿದ್ದರು. ಅವರು ಹೀಗೇ ಇದ್ದುಬಿಟ್ಟರೆ ಅತ್ತೆಯ ಪಾಲಿಗೆ ಗಂಡ ಬದುಕಿದ್ದೂ ಮೌನಿಯೇ ಆಗಿ ಉಳಿಯುತ್ತಾರಲ್ಲ ಎಂಬ ಭಯ ನನ್ನನ್ನು ಶಾಲೆಯಲ್ಲೂ ಬಿಡುತ್ತಿರಲಿಲ್ಲ.

ಒಂದು ಭಾನುವಾರ. ಮಗ್ಗಗಳಿಗೆ ರಜೆ, ಶೆಡ್ಡು ಸ್ತಬ್ಧ. ಉಡುಮಲೈಪೇಟೆಯ ನೆಂಟರು ಕಳಿಸಿದ ತೆಂಗಿನಕಾಯಿಗಳನ್ನು ನಾನು ಅಂಗಳದಲ್ಲಿ ಸುಲಿಯುತ್ತಿದ್ದೆ. ಮಾವ ಕಟ್ಟೆಯ ಮೇಲೆ, ಅತ್ತೆ ಅವರ ಪಕ್ಕದಲ್ಲಿ. ಅತ್ತೆ ಬಹಳ ದಿನದ ಮೇಲೆ ತಾವಾಗಿ ಒಂದು ಪ್ರಶ್ನೆ ಕೇಳಿದರು. ನನ್ನನ್ನು ಕೇಳಲಿಲ್ಲ. ಮುಖವನ್ನು ಮಾವ ಕುಳಿತಿದ್ದ ನೆರಳಿನ ಕಡೆ ತಿರುಗಿಸಿ ಕೇಳಿದರು.

"ಏನುಂಗ, ಮೊದಲು ಎಲ್ಲಾಮೆ ಒಂದೇ ಜಾಗದಲ್ಲಿ ಇತ್ತು ಅಂತೀರಲ್ಲ. ನಾವೂ ಅದ್ರೊಳಗೆ ಇದ್ದೊವಾ?"

ಮಾವ ಯೋಚಿಸಿದರು. ಆಮೇಲೆ ತುಟಿಯಾಡಿಸಿದರು, ಕೈಯಲ್ಲೂ ಏನೇನೋ ಹೇಳಿದರು, ಪಕ್ಕದ ತೋಟದ ತೆಂಗಿನಮರದ ಕಡೆ ತೋರಿಸಿದರು, ಶೆಡ್ಡಿನ ಕಡೆ ತೋರಿಸಿದರು. ಅತ್ತೆ ಕಾಯುತ್ತಿದ್ದರು. ನಾನು ಅಭ್ಯಾಸಬಲದಿಂದ ಅದನ್ನು ಓರಣ ಮಾಡಿ ಮುಟ್ಟಿಸಿದೆ.

"ಹೌದಂತೆ ಅತ್ತೆ. ನಮ್ಮ ಮೈಯಲ್ಲಿರುವ ಹೈಡ್ರೋಜನ್ ಎಲ್ಲ ಆ ಮೊದಲ ನಿಮಿಷಗಳಲ್ಲಿ ಆದದ್ದೇ. ಉಳಿದ ಧಾತುಗಳು ಆಮೇಲೆ ನಕ್ಷತ್ರಗಳ ಒಳಗೆ ಬೆಂದು ಬಂದವು."

"ಇದು ಅವ್ರು ಹೇಳಿದ್ದಲ್ಲ."

"ಅರ್ಥ ಅದೇ ಅತ್ತೆ."

"ಅರ್ಥ ಯಾರಿಗ್ ಬೇಕು? ಅವ್ರು ಹೈಡ್ರೋಜನ್ ಅಂತ ಮಾತಾಡೋ ಆಸಾಮಿಯಾ? ಅವ್ರ್ ಏನ್ ಹೇಳಿದ್ರೋ ಆ ಮಾತು ಬೇಕು ನಂಗೆ."

ನಾನು ಮಾವನ ಕಡೆ ನೋಡಿದೆ. ಅವರ ಮುಖ ಕೆಂಪಗಾಗಿತ್ತು. ಸಿಟ್ಟು ನನ್ನ ಮೇಲೆಯೇ. ನಾ ಅಂಗ್ ಹೇಳಿದ್ನಾ ಎಂದು ತುಟಿಯಲ್ಲಿ ಬಿಗಿಯಾಗಿ ಕೇಳಿ ಎದ್ದು ಒಳಗೆ ಹೋದರು. ಬೀರು ತೆರೆದ ಸದ್ದು ಕೇಳಿಸಿತು. ಪಂಚೆಗಳು ಕೆಳಗೆ ಬಿದ್ದವು. ಯಂತ್ರ ಹಿಡಿದುಕೊಂಡು ಹೊರಗೆ ಬಂದರು, ಗುಂಡಿ ಅದುಮಿದರು. ಸದ್ದಿಲ್ಲ. ಅಷ್ಟು ಕಾಲ ಬೀರುವಿನಲ್ಲಿ ಮಲಗಿದ್ದ ಬ್ಯಾಟರಿ ಸತ್ತಿತ್ತು.

ಚಾರ್ಜರ್ ಹುಡುಕಿ ಸಿಕ್ಕಿಸಿದ್ದಾಯಿತು. ಮೂವರೂ ಹಜಾರದಲ್ಲಿ ಪ್ಲಗ್ಗಿನ ಸುತ್ತ ಕುಳಿತೆವು. ನಾನು ಟೀ ಮಾಡಿ ತಂದೆ, ಕುಡಿದೆವು. ಮಾವ ಆಗಾಗ ಬಗ್ಗಿ ಕೆಂಪು ದೀಪ ನೋಡುತ್ತಿದ್ದರು. ಎದ್ದು ಹೋಗಿಬಿಡುತ್ತಾರೇನೋ ಎಂದು ನನಗೆ ಹೆದರಿಕೆ. ಸಿಟ್ಟು ಆರಿದರೆ ನಾಚಿಕೆ ಬರುತ್ತದೆ, ನಾಚಿಕೆ ಬಂದರೆ ಮತ್ತೆ ಬೀಗ. ಆದರೆ ಹೇಳಬೇಕಾದ ಮಾತು ಅವರಲ್ಲಿ ಹಾಗೇ ಕುಳಿತಿತ್ತು, ಕೆಡದೆ. ದೀಪ ಹಸಿರಾಯಿತು.

ಕತ್ತಿಗೆ ಒತ್ತಿ ಹಿಡಿದರು. ಆ ಗುಂಯ್ ಸದ್ದಿಗೆ ಅತ್ತೆ ಕುಳಿತಲ್ಲೇ ಒಮ್ಮೆ ಬೆಚ್ಚಿದರು. ಆದರೆ ತಲೆ ಎತ್ತಲಿಲ್ಲ, ಸೆರಗು ಸರಿಮಾಡಿಕೊಳ್ಳಲಿಲ್ಲ.

"ಇದ್ದೊ" ಅಂದರು ಮಾವ. "ನೀ ಇದ್ದೆ. ನಾ ಇದ್ದೆ. ಆ ತೆಂಗಿನ್‌ಮರ, ಈ ಹಾಳ್ ಮಗ್ಗ, ನಿಂಗೆ ಆಗದ ನನ್ ಅಕ್ಕ, ಎಲ್ಲಾ ಒಂದೇ ನೂಲುಂಡೇಲಿ ಸುತ್ತಿಕೊಂಡ್ ಇದ್ದೊ. ಆಮೇಲೆ ಬಿಚ್ಚಿಕೊಂಡೊ."

ಒಂದಕ್ಷರವೂ ತಪ್ಪಿಹೋಗಲಿಲ್ಲ. ಇಷ್ಟು ವರ್ಷ ಶೆಡ್ಡಿನಲ್ಲಿ ಪ್ರತಿ ಅಕ್ಷರವನ್ನೂ ತುಟಿಯಲ್ಲಿ ಕೊರೆದು ಕೊರೆದು ಆಡಿದ ಬಾಯಿ ಅದು. ಯಂತ್ರಕ್ಕೆ ಬೇಕಿದ್ದದ್ದು ಅದೇ ಬಾಯಿ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಲಿಯಬೇಕು ಅಂದದ್ದು ಅವರಿಗೆ ಬೇಕಾಗಿಯೇ ಇರಲಿಲ್ಲ. ದನಿಯಲ್ಲಿ ಏರಿಳಿತ ಇರಲಿಲ್ಲ ನಿಜ. ಆದರೆ ವಿಶ್ವದ ಹುಟ್ಟಿನ ನಡುವೆ ಅಕ್ಕನನ್ನು ತಂದು ಕೂರಿಸಿ ಹೆಂಡತಿಯನ್ನು ಕೆಣಕುವವರು ಈ ಭೂಮಿಯ ಮೇಲೆ ಇನ್ನೊಬ್ಬರು ಇರಲಾರರು.

ಅತ್ತೆ ಕೈ ಚಾಚಿ ತಡಕಿದರು. ಮೊದಲು ಭುಜ ಸಿಕ್ಕಿತು, ಆಮೇಲೆ ಯಂತ್ರ ಹಿಡಿದ ಮಾವನ ಕೈ. ಅದರ ಮೇಲೆ ತಮ್ಮ ಕೈ ಇಟ್ಟರು.

"ಆಗ್ಲಾದ್ರೂ ನನ್ ಮಾತು ಕೇಳ್ತಿದ್ರಾ ನೀವು?"

ಮಾವ ನಕ್ಕರು. ಗುಂಡಿಯ ಮೇಲಿನ ಬೆರಳು ತೆಗೆಯಲು ಮರೆತಿದ್ದರು. ಆ ನಗುವೆಲ್ಲ ಯಂತ್ರದೊಳಗೆ ಹೊಕ್ಕು ಗುಂಯ್ ಗುಂಯ್ ಎಂದು ತುಂಡು ತುಂಡಾಗಿ ಹೊರಗೆ ಬಂತು. ಅತ್ತೆಗೆ ನಾನು ಏನೂ ಹೇಳಬೇಕಾಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ.

"ಇನ್ನು ಮುಂದೆ? ಎಲ್ಲಾಮೆ ದೂರ ದೂರ ಹೋಗ್ತಾನೇ ಇದ್ರೆ ಕಡೇಗೆ ಏನಾಗುತ್ತೆ?" ಎಂದು ಅತ್ತೆ ಮತ್ತೆ ಕೇಳಿದರು.

ಅದು ಬಹಳ ದೊಡ್ಡ ಪ್ರಶ್ನೆ ಅತ್ತೆ, ಅದಕ್ಕೆ ಎರಡು ಮೂರು ಬಗೆಯ ಉತ್ತರ ಇದೆ ಎಂದು ನಾನು ಶುರುಮಾಡಿದೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ.

"ಅವಳ್ನ ಬಿಡಿ" ಅಂದರು ಮಾವನಿಗೆ. "ನೀವ್ ಹೇಳಿ."